ಬೆವರಿಗೆ ಕಾಲಂ ಇಲ್ಲ

ಮಗಳ ನೋಟ್ ಬುಕ್ಕಿನಲ್ಲಿ ಒಂದು ಸಾಲಿಗೆ ಕೆಂಪು ಗೀಟು ಬಿದ್ದಿತ್ತು. ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಟೀಚರ್ ಕೊಟ್ಟಿದ್ದ ಮಾತು ‘ಬೆವರು ಸುರಿಸು’. ಇವಳು ಬರೆದದ್ದು, ‘ನಾನು ಎಷ್ಟು ಓಡಿದರೂ ಬೆವರು ಸುರಿಸುವುದಿಲ್ಲ.’ ಪಕ್ಕದಲ್ಲಿ ಟೀಚರ್ ಬರೆದಿದ್ದರು: ‘ತಪ್ಪು. ಬೆವರು ಸುರಿಸು ಎಂದರೆ ಕಷ್ಟಪಟ್ಟು ದುಡಿ. ಸೋಮಾರಿತನ ಬಿಡು.’

ಅವಳು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಮಗಳಿಗೆ ಬೆವರು ಬರುವುದಿಲ್ಲ. ಹುಟ್ಟಿ ಎಂಟು ವರ್ಷವಾಯಿತು, ಒಂದು ಹನಿ ಬಂದಿಲ್ಲ. ಬೆವರು ಬರಬೇಕಾದ ಗ್ರಂಥಿಗಳೇ ಅವಳ ಚರ್ಮದಲ್ಲಿಲ್ಲ. ಎಲ್ಲೋ ಲಕ್ಷಕ್ಕೊಬ್ಬರಿಗೆ ಹೀಗಾಗುತ್ತದಂತೆ. ಲಕ್ಷಕ್ಕೊಬ್ಬರಿಗೆ ಬರುವ ಯಾವ ಬಹುಮಾನಕ್ಕೂ ನಮ್ಮ ಮನೆ ಗುರುತಿರಲಿಲ್ಲ, ಇದೊಂದು ಮಾತ್ರ ವಿಳಾಸ ಕೇಳಿಕೊಂಡು ನೇರವಾಗಿ ಬಂತು.

ಬೆವರದಿದ್ದರೆ ಒಳ್ಳೆಯದೇ ಆಯಿತಲ್ಲ ಎನ್ನುತ್ತಾರೆ ಜನ. ಮೈ ತಣ್ಣಗಾಗುವುದೇ ಬೆವರಿನಿಂದ. ಅದಿಲ್ಲದ ಮೈ ಒಲೆಯ ಮೇಲಿಟ್ಟು ಮರೆತ ಪಾತ್ರೆಯಿದ್ದ ಹಾಗೆ. ಕಾಲು ಗಂಟೆ ಬಿಸಿಲಿಗೆ ನಿಂತರೆ ಮುಖ ಕೆಂಪಾಗುತ್ತದೆ, ಕಣ್ಣು ಮೇಲಾಗುತ್ತದೆ, ಬಿದ್ದುಬಿಡುತ್ತಾಳೆ. ಅದಕ್ಕಿರುವ ಉಪಾಯ ಒಂದೇ, ನೀರು. ಒಳಗೆ ಒದ್ದೆ ಬನಿಯನ್ನು, ಅದರ ಮೇಲೆ ಅಂಗಿ. ಅದು ಒಣಗಿದರೆ ಚೀಲದಿಂದ ಇನ್ನೊಂದು. ದಿನಕ್ಕೆ ಐದು ಬನಿಯನ್ನು. ಬೇರೆ ಮಕ್ಕಳಿಗೆ ಬೆವರು ಮೈಯಿಂದ ಬರುತ್ತದೆ, ನನ್ನ ಮಗಳಿಗೆ ಬಕೆಟ್ಟಿನಿಂದ ಬರುತ್ತದೆ. ಅಷ್ಟೇ ವ್ಯತ್ಯಾಸ.

ಶಾಲೆಯ ಹೆಡ್ ಮೇಡಂಗೆ ಈ ವ್ಯತ್ಯಾಸ ಹಿಡಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಕೂತರೆ ಬೆಂಚು ಹಾಳಾಗುತ್ತದೆ, ಶಿಸ್ತು ಹಾಳಾಗುತ್ತದೆ, ನೋಡುವವರು ಏನೆಂದುಕೊಳ್ಳುತ್ತಾರೆ ಎಂದರು. ಹೋದ ವಾರ ಬನಿಯನ್ನು ತೆಗೆಸಿ, ಎಲ್ಲರ ಜೊತೆ ಬೆಳಗಿನ ಸಾಲಿನಲ್ಲಿ ಬಿಸಿಲಿಗೆ ನಿಲ್ಲಿಸಿದರು. ಹನ್ನೆರಡನೇ ನಿಮಿಷಕ್ಕೆ ಮಗಳು ಮುಗ್ಗರಿಸಿ ಬಿದ್ದು ಮೊಣಕಾಲು ಒಡೆದುಕೊಂಡಳು. ನಾನು ಓಡಿಹೋದಾಗ ಮೇಡಂ ನನಗೊಂದು ಲೋಟ ನೀರು ಕೊಟ್ಟರು, ಅವಳ ತಲೆಗೆ ಒಂದು ಚೊಂಬು ಸುರಿಯಲು ಯಾರಿಗೂ ತೋಚಿರಲಿಲ್ಲ. ಆಮೇಲೆ ಮೇಡಂ ಮಾತು ಮುಗಿಸಿದರು. ಅಂಗವಿಕಲತೆಯ ಸರ್ಟಿಫಿಕೇಟ್ ತರಬೇಕು. ತಂದರೆ ನೆರಳು, ಫ್ಯಾನಿನ ಕೆಳಗೆ ಜಾಗ, ಒದ್ದೆ ಬನಿಯನ್ನು. ತರದಿದ್ದರೆ ತಿಂಗಳ ಕೊನೆಗೆ ಹೆಸರು ಹೊಡೆದುಹಾಕುತ್ತಾರೆ. ಬೇಸಿಗೆ ಆಗಲೇ ಬಾಗಿಲಲ್ಲಿ ನಿಂತಿತ್ತು.

ಸರ್ಟಿಫಿಕೇಟ್ ಕೊಡುವ ಬೋರ್ಡು ಇರುವುದು ದೊಡ್ಡಾಸ್ಪತ್ರೆಯ ಐದನೇ ಮಹಡಿಯಲ್ಲಿ. ನಾನಿರುವುದೂ ಅದೇ ಆಸ್ಪತ್ರೆಯಲ್ಲಿ, ನೆಲಮಾಳಿಗೆಯಲ್ಲಿ. ನಾನು ಅಲ್ಲಿನ ಲಾಂಡ್ರಿಯವಳು.

ಲಾಂಡ್ರಿಯಲ್ಲಿ ನಾವು ಏಳು ಹೆಂಗಸರು. ಒಗೆಯುವ ಯಂತ್ರ ನಾಲ್ಕು, ಒಣಗಿಸುವುದು ಮೂರು, ಹಬೆ ಇಸ್ತ್ರಿಯ ಮೇಜು ಆರು. ಕಿಟಕಿ ಇಲ್ಲ. ಒಂದು ಫ್ಯಾನಿತ್ತು, ಅದು ತಿರುಗಿದರೆ ನೂಲಿನ ದೂಳು ಹಾರಿ ಒಗೆದ ಬಟ್ಟೆಗೆ ಅಂಟುತ್ತದೆ ಎಂದು ಕಿತ್ತುಕೊಂಡು ಹೋದರು. ಬಟ್ಟೆಗೆ ತೊಂದರೆಯಾಗಬಾರದು, ನಮಗೆ ಏನು ಬೇಕಾದರೂ ಆಗಬಹುದು. ಬೆಳಿಗ್ಗೆ ಏಳಕ್ಕೆ ಒಳಗೆ ಹೋದರೆ ಎಂಟಕ್ಕೆ ಬೆನ್ನು ನೆನೆಯುತ್ತದೆ, ಹತ್ತಕ್ಕೆ ಸೊಂಟ, ಹನ್ನೆರಡಕ್ಕೆ ನಡೆದರೆ ಚಪ್ಪಲಿ ಪಚಕ್ ಪಚಕ್ ಎನ್ನುತ್ತದೆ. ಕಣ್ಣಿಗಿಳಿದ ಬೆವರನ್ನು ತೋಳಿನಿಂದ ಒರೆಸಿಕೊಂಡರೆ ತೋಳೂ ಬೆವರಿರುತ್ತದೆ. ಮಗಳ ಪಾಲಿನದೂ ಸೇರಿ ನನಗೇ ಬಂದಿರಬೇಕು.

ಲಿಫ್ಟಿನ ಪಕ್ಕ ಒಂದು ಬೋರ್ಡು ತೂಗುಹಾಕಿದ್ದಾರೆ. ‘ಬೆವರಿನ ವಾಸನೆ ಬರುವ ಸಿಬ್ಬಂದಿ ಲಿಫ್ಟ್ ಬಳಸಕೂಡದು.’ ನಾವು ಒಗೆದು ಮಡಿಸಿದ ಬಟ್ಟೆಯ ಗಾಡಿ ಲಿಫ್ಟಿನಲ್ಲಿ ಮೇಲೆ ಹೋಗುತ್ತದೆ. ನಾವು ಮೆಟ್ಟಿಲು ಹತ್ತಿ ಓಡಿ, ಮೇಲೆ ಅದನ್ನು ಎದುರುಗೊಳ್ಳಬೇಕು. ಇದರಲ್ಲಿ ಇನ್ನೊಂದು ಚೆಂದವಿದೆ. ಆ ಲಿಫ್ಟನ್ನು ನಡೆಸುವವರು ನಮ್ಮ ಯಜಮಾನರು. ಹನ್ನೊಂದು ವರ್ಷದಿಂದ ಜೊತೆಗೆ ಸಂಸಾರ ಮಾಡುತ್ತಿರುವ ಹೆಂಡತಿಯನ್ನು ಅವರು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಬಹುದು, ಮೊದಲನೇ ಮಹಡಿಗೆ ಮಾತ್ರ ಕರೆದೊಯ್ಯುವಂತಿಲ್ಲ. ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಲಿಫ್ಟಿನ ಬಾಗಿಲಿನಿಂದ ತಪ್ಪು ಮಾಡಿದ ಬೆಕ್ಕಿನಂತೆ ನೋಡುತ್ತಾರೆ. ಒಳ್ಳೆಯ ಮನುಷ್ಯ. ಯಾರು ಯಾವ ಮಹಡಿ ಹೇಳಿದರೂ ‘ಆಗ್ಲಿ ಸರ್’ ಎಂದು ಹೇಳಿ ಹೇಳಿ ನಾಲಿಗೆಗೆ ಬೇರೆ ಮಾತು ಮರೆತುಹೋಗಿದೆ. ಮನೆಯಲ್ಲಿ ನನಗೂ ಒಮ್ಮೊಮ್ಮೆ ಆಗ್ಲಿ ಸರ್ ಅಂದುಬಿಡುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಮೂವತ್ತು ವರ್ಷದಿಂದ ಡಾಕ್ಟರುಗಳ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ನಮಗೆ ಡಾಕ್ಟರುಗಳ ಹೆಸರು ಬೇಕಾಗುವುದಿಲ್ಲ, ಅವರವರ ಕೋಟಿನ ಕಲೆಯೇ ಅವರ ಹೆಸರು. ಒಬ್ಬರು ಇಂಕು ಜೇಬು, ಒಬ್ಬರು ಕಾಫಿ ಮೇಡಂ. ಎಲ್ಲರಿಗಿಂತ ದೊಡ್ಡವರು ಕಾಲರ್ ಸಾಹೇಬರು. ಅವರ ಕೋಟಿನ ಕಾಲರಿನ ಒಳಗೆ ಬೆರಳು ದಪ್ಪದ ಕಂದು ಗೆರೆ, ಕಂಕುಳಲ್ಲಿ ಹಳದಿ ಅರ್ಧಚಂದ್ರ. ಎರಡು ಸಲ ಉಜ್ಜಿದರೂ ಹೋಗುವುದಿಲ್ಲ. ಇಡೀ ದಿನ ಏಸಿಯ ಕೆಳಗೆ ಕೂತು ಇಷ್ಟು ಬೆವರಬೇಕಾದರೆ ಪಾಪ ಯಾವುದಕ್ಕೋ ಹೆದರುತ್ತಿರಬೇಕು ಎಂದು ದೊಡ್ಡಕ್ಕ ಕನಿಕರಪಡುತ್ತಾಳೆ. ಸರ್ಟಿಫಿಕೇಟ್ ಬೋರ್ಡಿಗೆ ಇವರೇ ಮುಖ್ಯಸ್ಥರು.

ಕಾಲರ್ ನೋಡಿ ಮನುಷ್ಯರನ್ನು ಗುರುತು ಹಿಡಿಯುವ ನನಗೆ ನನ್ನ ಮಗುವಿನ ಕಾಲರ್ ಓದಲು ಬರಲಿಲ್ಲ. ಆ ತಪ್ಪನ್ನು ಲಾಂಡ್ರಿಯವಳು ಮಾತ್ರ ಮಾಡಬಲ್ಲಳು.

ಹಸುಗೂಸಿದ್ದಾಗ ಅವಳ ಬಟ್ಟೆ ಕೊಳೆಯಾಗುತ್ತಿರಲಿಲ್ಲ. ಕುತ್ತಿಗೆಯಲ್ಲಿ ಗೆರೆಯಿಲ್ಲ, ಕಂಕುಳಲ್ಲಿ ಕಲೆಯಿಲ್ಲ, ವಾಸನೆಯೂ ಇಲ್ಲ. ಅಮ್ಮನ ಕಷ್ಟ ತಿಳಿದು ಹುಟ್ಟಿದ ಮಗು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಪೈಕಿ ಬೆವರು ಸುರಿಸದೆ ಉಣ್ಣುವವಳು ಇವಳೊಬ್ಬಳೇ ಎಂದು ದೊಡ್ಡಕ್ಕ ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟಳು. ಎಲ್ಲರೂ ನಕ್ಕೆವು. ಆ ಹೆಸರೇ ನಿಂತಿತು.

ಒಂಬತ್ತನೇ ತಿಂಗಳಿಗೆ ಜ್ವರ ಬಂತು. ಬೆವರಿದರೆ ಜ್ವರ ಇಳಿಯುತ್ತದೆ ಎಂದು ನಾನು ಕೇಳಿ ಬೆಳೆದವಳು. ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಮಲಗಿಸಿಕೊಂಡು, ಒಣಗಿಸುವ ಯಂತ್ರದಿಂದ ಆಗತಾನೇ ತೆಗೆದ ಬಿಸಿ ಕಂಬಳಿಯನ್ನು ತಂದು ಕತ್ತಿನವರೆಗೂ ಸುತ್ತಿದೆ. ಹಣೆಯ ಮೇಲೆ ಬೆವರು ಮೂಡಲಿ ಎಂದು ಎವೆಯಿಕ್ಕದೆ ನೋಡುತ್ತ ಕೂತೆ. ಮೂಡಲಿಲ್ಲ. ಇನ್ನೊಂದು ಕಂಬಳಿ ಸುತ್ತಿದೆ. ಮಗುವಿಗೆ ಫಿಟ್ಸ್ ಬಂತು.

ಎತ್ತಿಕೊಂಡು ಮೇಲಿನ ವಾರ್ಡಿಗೆ ಓಡಿದೆ. ಆ ಹೊತ್ತಿಗೆ ಅಲ್ಲಿದ್ದವರು ಒಬ್ಬರು ಹೊಸ ಡಾಕ್ಟರಮ್ಮ. ಕಂಬಳಿ ಕಿತ್ತೆಸೆದು, ಮಗುವನ್ನು ಸೀದಾ ನಲ್ಲಿಯ ಕೆಳಗೆ ಹಿಡಿದರು. ಮಗು ಉಸಿರೆಳೆದು ಅತ್ತ ಮೇಲೆ, ಕೊನೆಯ ಸಲ ಇವಳು ಬೆವರಿದ್ದು ಯಾವಾಗ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ, ‘ಇಲ್ಲ ಡಾಕ್ಟ್ರೇ, ನಮ್ಮ ಮಗು ಯಾವತ್ತೂ ಬಟ್ಟೆ ಕೊಳೆ ಮಾಡಲ್ಲ.’ ಅವರು ಮಗುವಿನ ರಕ್ತ ತೆಗೆಸಿದರು.

ಆ ಕಂಬಳಿಯನ್ನು ನಾನು ಮರೆತಿಲ್ಲ. ಅವತ್ತು ಮಗು ಉಳಿಯದೆ ಹೋಗಿದ್ದರೆ ಕೊಂದವಳು ನಾನೇ. ಬೇರೆ ಯಾರೂ ಅಲ್ಲ.

ರಕ್ತ ಎಲ್ಲಿಗೋ ಹೋಗಿ ಕಾಗದ ಬಂತು. ಕಾಯಿಲೆಯ ಹೆಸರು ಗೇಣುದ್ದ ಇತ್ತು. ನಮ್ಮ ಯಜಮಾನರು ಲಿಫ್ಟಿನಲ್ಲಿ ಹತ್ತುತ್ತ ಇಳಿಯುತ್ತ ವಾರವೆಲ್ಲ ಬಾಯಿಪಾಠ ಮಾಡಿದರು, ಐದನೇ ಮಹಡಿ ತಲುಪುವುದರೊಳಗೆ ಮಧ್ಯದ ಅಕ್ಷರ ಒಂದು ಕಳೆದುಹೋಗಿರುತ್ತಿತ್ತು. ನನ್ನ ಅತ್ತೆ ಇದು ಸೊಸೆಯ ಕಡೆಯಿಂದಲೇ ಬಂದದ್ದು ಎಂದು ತೀರ್ಪು ಕೊಟ್ಟಿದ್ದರು. ಡಾಕ್ಟರಮ್ಮ ಅತ್ತೆಯನ್ನೂ ಕೂರಿಸಿಕೊಂಡು, ಅಪ್ಪನಿಂದ ಅರ್ಧ ಅಮ್ಮನಿಂದ ಅರ್ಧ, ಎರಡೂ ಕೂಡಿದ್ದಕ್ಕೇ ಹೀಗಾಯಿತು ಎಂದು ಚಿತ್ರ ಬರೆದು ತೋರಿಸಿದರು. ನಮ್ಮ ಸಂಸಾರದಲ್ಲಿ ಸಮಪಾಲಾಗಿ ಹಂಚಿಕೊಂಡದ್ದು ಅದೊಂದೇ. ಅತ್ತೆ ಅವತ್ತಿನಿಂದ ಡಾಕ್ಟರಮ್ಮನ ಜೊತೆ ಮಾತು ಬಿಟ್ಟರು. ಬೇರೆಯವರೆಲ್ಲ ಕೆಲಸ ಮುಗಿಯಿತು ಎಂದು ಎದ್ದುಹೋಗುವ ಹೊತ್ತಿಗೆ ಆ ಡಾಕ್ಟರಮ್ಮ ಕೂತು ಒದ್ದೆ ಬನಿಯನ್ನಿನ ಉಪಾಯ ಹೇಳಿಕೊಟ್ಟರು. ಒಂದು ಪತ್ರವನ್ನೂ ಬರೆದುಕೊಟ್ಟರು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಬನಿಯನ್ನು ಹಿಂಡುವುದಕ್ಕೆ ಒಂದು ಹದವಿದೆ. ಜಾಸ್ತಿ ಹಿಂಡಿದರೆ ಅರ್ಧ ಗಂಟೆಗೆ ಒಣಗುತ್ತದೆ. ಕಮ್ಮಿ ಹಿಂಡಿದರೆ ಬೆಂಚಿನ ಮೇಲೆ ನೀರು ನಿಂತು, ಇವಳು ಉಚ್ಚೆ ಹೊಯ್ದುಕೊಂಡಳು ಎಂದು ಮಕ್ಕಳು ಆಡಿಕೊಳ್ಳುತ್ತಾರೆ. ಹನಿ ತೊಟ್ಟಿಕ್ಕಬಾರದು, ಒಣಗಿಯೂ ಇರಬಾರದು. ಆ ಹದ ನನ್ನ ಮಣಿಕಟ್ಟಿಗೆ ಗೊತ್ತು. ಈಗ ದೊರೆಸಾನಿಗೂ ಗೊತ್ತು. ಅವಳಿಗೆ ಬಾಯಲ್ಲಿ ಆರೇ ಹಲ್ಲು, ಎರಡು ಚೂಪಾಗಿವೆ. ತಲೆಯಲ್ಲಿ ಜೋಳದ ತೆನೆಯ ನಾರಿನಂಥ ನಾಲ್ಕು ಕೂದಲು. ಅಜ್ಜಿಗಿಂತ ನನಗೆ ಎರಡು ಹಲ್ಲು ಜಾಸ್ತಿ ಎಂದು ಮೆರೆಯುತ್ತಾಳೆ. ಅತ್ತೆ ಅವಳ ಜೊತೆಗೂ ಮಾತು ಬಿಡಬೇಕೆಂದು ನೋಡುತ್ತಾರೆ, ಅರ್ಧ ಗಂಟೆಗಿಂತ ಹೆಚ್ಚು ಸಾಧ್ಯವಾಗುವುದಿಲ್ಲ.

ಬೋರ್ಡಿನ ದಿನ ಮೂವರೂ ಹೋದೆವು. ನಾನು ಮೆಟ್ಟಿಲಲ್ಲಿ, ಅವರಿಬ್ಬರು ಲಿಫ್ಟಿನಲ್ಲಿ. ದೊರೆಸಾನಿಗೆ ಬೆವರಿನ ವಾಸನೆ ಬರುವುದಿಲ್ಲವಲ್ಲ, ಲಿಫ್ಟಿನ ಪಕ್ಕದ ಬೋರ್ಡಿನ ಪ್ರಕಾರ ನಮ್ಮ ಮನೆಯಲ್ಲಿ ಲಿಫ್ಟಿಗೆ ಲಾಯಕ್ಕಾದವಳು ಅವಳೊಬ್ಬಳೇ.

ಮೊದಲು ಗುಮಾಸ್ತರ ಮೇಜು. ಫಾರಂನಲ್ಲಿ ಕಣ್ಣು, ಕಿವಿ, ಕೈ, ಕಾಲು, ಬುದ್ಧಿ ಎಂದು ಕಾಲಂಗಳಿದ್ದವು. ಗುಮಾಸ್ತರು ಪೆನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಿದರು.

‘ಬೆವರಿಗೆ ಕಾಲಂ ಇಲ್ಲಮ್ಮ,’ ಎಂದರು. ಆಮೇಲೆ ಅವರಿಗೇ ಪಾಪ ಅನಿಸಿರಬೇಕು. ‘ಇತರೆ ಅಂತ ಹಾಕ್ತೀನಿ. ಎಷ್ಟು ಪರ್ಸೆಂಟ್ ಬೆವರಲ್ಲ?’

‘ನೂರಕ್ಕೆ ನೂರು.’

‘ನೂರು ಹಾಕಿದ್ರೆ ಮೇಲಿನವರು ಪ್ರಶ್ನೆ ಕೇಳ್ತಾರೆ. ತೊಂಬತ್ತು ಹಾಕ್ಲಾ?’

‘ಉಳಿದ ಹತ್ತು ಎಲ್ಲಿಂದ ತರೋದು ಅಂಕಲ್?’ ಎಂದು ದೊರೆಸಾನಿ ಕೇಳಿದಳು. ಗುಮಾಸ್ತರು ನೂರೇ ಹಾಕಿದರು.

ಒಳಗಿನ ಕೋಣೆ ಐಸಿನ ಪೆಟ್ಟಿಗೆಯ ಹಾಗಿತ್ತು. ಮೂವರು ಡಾಕ್ಟರು, ಗೋಡೆಗೆ ಒರಗಿ ಐದು ಜನ ಕಲಿಯುವ ಹುಡುಗ ಹುಡುಗಿಯರು. ನಡುವೆ ಕಾಲರ್ ಸಾಹೇಬರು. ಅವರ ಕತ್ತನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಕಾಲರ್ ಮಾತ್ರ ಹಳೆಯ ಪರಿಚಯ. ದೊರೆಸಾನಿಗೆ ಕೋಣೆ ಬಹಳ ಹಿಡಿಸಿತು. ಇಲ್ಲೇ ಇದ್ದುಬಿಡೋಣ ಅಮ್ಮ ಎಂದು ಪಿಸುಗುಟ್ಟಿದಳು.

ಬಾಯಿ ತೆರೆ ಎಂದರು. ತೆರೆದಳು. ಹಲ್ಲು ಎಣಿಸಿದರು. ಕೂದಲು ಎತ್ತಿ ನೋಡಿದರು. ತಿರುಗು ಎಂದರು, ತಿರುಗಿದಳು. ಅಂಗಿ ಎತ್ತು ಎಂದರು. ಒದ್ದೆ ಬನಿಯನ್ನು ಕಂಡು ಗೋಡೆಯ ಕಡೆಯ ಹುಡುಗನೊಬ್ಬ ಮೂಗು ಮುಚ್ಚಿಕೊಂಡ. ವಾಸನೆಯೇ ಇಲ್ಲದ ಬಟ್ಟೆಗೆ ಮೂಗು ಮುಚ್ಚಿಕೊಳ್ಳಲು ಎಷ್ಟು ಓದಿರಬೇಕೋ. ಮಾರುವುದಕ್ಕೆ ತಂದ ದನವನ್ನು ನೋಡುವವರು ಅದರ ಜೊತೆ ಎರಡು ಒಳ್ಳೆಯ ಮಾತಾದರೂ ಆಡುತ್ತಾರೆ. ಇವರು ಇವಳ ಹೆಸರನ್ನೂ ಕೇಳಲಿಲ್ಲ. ದೊರೆಸಾನಿ ಅಂಗಿಯನ್ನು ಎಳೆದು ಎದೆ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಆಗ ತಮಾಷೆ ಇರಲಿಲ್ಲ.

ನಾನು ಡಾಕ್ಟರಮ್ಮನ ಪತ್ರವನ್ನೂ ರಕ್ತದ ಕಾಗದವನ್ನೂ ಮುಂದಿಟ್ಟೆ. ಕಾಲರ್ ಸಾಹೇಬರು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. ಕಾಗದವನ್ನು ಯಾರು ಬೇಕಾದರೂ ತರುತ್ತಾರೆ, ಹುಡುಗಿ ಕಣ್ಣೆದುರು ಗಟ್ಟಿಮುಟ್ಟಾಗಿ ನಿಂತಿದ್ದಾಳೆ, ಬೆವರುವುದಿಲ್ಲ ಎಂದು ನಾವು ಕಣ್ಣಾರೆ ಕಾಣದೆ ಹೇಗೆ ಬರೆಯುವುದು ಎಂದರು. ಐಸಿನ ಪೆಟ್ಟಿಗೆಯಲ್ಲಿ ಯಾರು ತಾನೆ ಬೆವರುತ್ತಾರೆ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರಿಗೇ ಉಪಾಯ ಹೊಳೆಯಿತು.

‘ನೀನು ಕೆಳಗೆ ಲಾಂಡ್ರಿಯವಳಲ್ವಾ? ಅಲ್ಲಿ ಚೆನ್ನಾಗಿ ಬಿಸಿ ಇರುತ್ತೆ. ನಾಳೆ ಒದ್ದೆ ಬಟ್ಟೆ ತೆಗೆದು ಇವಳನ್ನ ಅಲ್ಲೇ ಅರ್ಧ ಗಂಟೆ ನಿಲ್ಸು. ನರ್ಸ್ ಬಂದು ನೋಡ್ತಾರೆ. ಬೆವರು ಬರ್ಲಿಲ್ಲ ಅಂದ್ರೆ ಬರ್ಕೊಡೋಣ.’

‘ಆಗ್ಲಿ ಸರ್,’ ಎಂದರು ನಮ್ಮ ಯಜಮಾನರು.

ಅವರ ತಪ್ಪಲ್ಲ, ನಾಲಿಗೆಯ ಅಭ್ಯಾಸ. ಆದರೂ ಆ ಕ್ಷಣ ಅವರನ್ನು ಲಿಫ್ಟಿನ ಗುಂಡಿಗೆ ತಳ್ಳಿಬಿಡಬೇಕು ಅನ್ನಿಸಿತು. ಆ ಎರಡು ಕಂಬಳಿ ನನ್ನ ಕಣ್ಣ ಮುಂದೆ ಬಂದವು. ಈ ಸಲ ಮಗುವಿಗೆ ಕಂಬಳಿ ಸುತ್ತುವುದಕ್ಕೆ ಕಾಗದದ ಮೇಲೆ ಸೀಲು ಹಾಕಿ ಹೇಳುತ್ತಿದ್ದಾರೆ.

‘ಆಗಲ್ಲ ಸರ್,’ ಎಂದೆ.

ಸಾಹೇಬರು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು.

‘ಆ ಪರೀಕ್ಷೆ ನಾನು ಒಂದ್ಸಲ ಮಾಡಿಯಾಗಿದೆ. ಒಂಬತ್ತು ತಿಂಗಳ ಕೂಸಿಗೆ ಮಾಡ್ದೆ. ಗೊತ್ತಿಲ್ದೆ ಮಾಡ್ದೆ. ನೀವು ಗೊತ್ತಿದ್ದೂ ಮಾಡಿ ಅಂತೀರ. ನಾನು ನಿಲ್ಸಲ್ಲ.’

ಕುರುಡ ಎಂದು ಬಂದವನನ್ನು ರಸ್ತೆಯ ನಡುವೆ ಬಿಟ್ಟು ಲಾರಿ ಬರಲಿ ನೋಡೋಣ ಎನ್ನುತ್ತೀರಾ ಎಂದೂ ಕೇಳಿದೆ. ಇನ್ನೂ ಏನೇನೋ ಕೇಳಿದೆ. ಸಾಹೇಬರು ಫಾರಂ ಎಳೆದುಕೊಂಡು ಒಂದೇ ಪದ ಬರೆದರು, ‘ಸಹಕರಿಸಲಿಲ್ಲ.’ ಅದನ್ನು ನನ್ನ ಕಡೆ ತಳ್ಳಿ, ಮುಂದಿನವರನ್ನು ಕರೆಯಿರಿ ಎಂದರು. ಕೋಣೆಯಿಂದ ಹೊರಗೆ ಬಂದ ಮೇಲೆ ನಮ್ಮ ಯಜಮಾನರು ಗೋಡೆ ನೋಡಿಕೊಂಡು, ನನ್ನ ನಾಲಿಗೆಗೆ ಬೆಂಕಿ ಬೀಳ ಎಂದರು. ಬೀಳಲಿ ಬಿಡಿ, ಅದಾದರೂ ಬಿಸಿಯಾಗಲಿ ಎಂದೆ.

ಕೆಳಗೆ ಬಂದು ಆ ಫಾರಂ ಸುಕ್ಕಾಗದಿರಲಿ ಎಂದು ಇಸ್ತ್ರಿ ಮೇಜಿನ ಹಾಸುಬಟ್ಟೆಯ ಅಡಿಯಲ್ಲಿಟ್ಟೆ. ಆಮೇಲೆ ಅತ್ತುಬಿಟ್ಟೆ. ಹಬೆಯ ನಡುವೆ ಅಳುವುದರಲ್ಲಿ ಒಂದು ಅನುಕೂಲವಿದೆ, ಯಾವುದು ಬೆವರು ಯಾವುದು ಕಣ್ಣೀರು ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ದೊಡ್ಡಕ್ಕ ಮಾತ್ರ ಕಂಡುಹಿಡಿದಳು. ಎಲ್ಲ ಕೇಳಿಕೊಂಡಳು. ಕೈಯಲ್ಲಿದ್ದ ಕೋಟನ್ನು ಮಡಿಸುತ್ತ, ಒದ್ದೆ ಬಟ್ಟೆ ತೆಗೆಸಿ ನೋಡಬೇಕಂತಾ ಅವರಿಗೆ ಎಂದು ಕೇಳಿದಳು. ಹಾಗಾದರೆ ಮೊದಲು ಒದ್ದೆ ಬಟ್ಟೆ ಅಂದರೇನು ಅಂತ ಅವರಿಗೆ ಗೊತ್ತಾಗಬೇಕಲ್ಲ ಎಂದಳು.

ಮರುದಿನ ಬೆಳಿಗ್ಗೆ ಮೇಲಕ್ಕೆ ಹೋಗಬೇಕಾದ ಕೋಟು ಮೂವತ್ತೆರಡು. ಎಲ್ಲವನ್ನೂ ಎಂದಿನಂತೆ ಒಗೆದೆವು. ಕಲೆ ಉಜ್ಜಿದೆವು, ಗಂಜಿ ಹಾಕಿದೆವು. ಒಣಗಿಸಲಿಲ್ಲ. ಉಳಿದ ಆರು ಜನರಿಗೂ ನಾನೇ ಹದ ತೋರಿಸಿಕೊಟ್ಟೆ, ಹನಿ ತೊಟ್ಟಿಕ್ಕಬಾರದು, ಒಣಗಿಯೂ ಇರಬಾರದು. ದೊರೆಸಾನಿಯ ಬನಿಯನ್ನಿನ ಹದ. ಅಂಚಿಗೆ ಅಂಚು ಕೂಡಿಸಿ ಮಡಿಸಿದೆವು. ಅಷ್ಟು ಅಚ್ಚುಕಟ್ಟಾಗಿ ನಾವು ಯಾವತ್ತೂ ಕೆಲಸ ಮಾಡಿರಲಿಲ್ಲ. ರೋಗಿಗಳ ಹಾಸಿಗೆ ಹೊದಿಕೆಗಳ ತಂಟೆಗೆ ಹೋಗಬೇಡಿ ಎಂದು ದೊಡ್ಡಕ್ಕ ಮೊದಲೇ ಕಟ್ಟುನಿಟ್ಟಾಗಿ ಹೇಳಿದ್ದಳು. ಅವೆಲ್ಲ ಬೆಚ್ಚಗೆ, ಗರಿಗರಿಯಾಗಿ ಹೋದವು. ಒಣಗದೆ ಹೋದದ್ದು ಕೋಟು ಮಾತ್ರ.

ನಮ್ಮ ಯಜಮಾನರು ಗಾಡಿಯನ್ನು ಲಿಫ್ಟಿಗೆ ಏರಿಸುವಾಗ ಬಟ್ಟೆ ಮುಟ್ಟಿ ನೋಡಿದರು. ಒದ್ದೆ ಇದೆಯಲ್ಲೇ ಎಂದರು. ಹೌದು, ಐದನೇ ಮಹಡಿ ಎಂದೆ. ಅವರು ಸುತ್ತ ಒಮ್ಮೆ ನೋಡಿ, ಬಾಗಿಲು ಎಳೆದುಕೊಂಡರು. ‘ಆಗ್ಲಿ,’ ಎಂದರು. ಸರ್ ಅನ್ನಲಿಲ್ಲ.

ಅರ್ಧ ಗಂಟೆಗೆ ಕಾಲರ್ ಸಾಹೇಬರು ತಾವೇ ಇಳಿದು ಬಂದರು. ಐದನೇ ಮಹಡಿಯಿಂದ ನೆಲಮಾಳಿಗೆಗೆ ಮೂವತ್ತು ವರ್ಷದಲ್ಲಿ ಯಾವ ಡಾಕ್ಟರೂ ಬಂದದ್ದಿಲ್ಲ ಎಂದು ದೊಡ್ಡಕ್ಕ ಆಮೇಲೆ ಹೇಳಿದಳು. ತುಂಬುತೋಳಿನ ಅಂಗಿ, ಟೈ, ಕೈಯಲ್ಲಿ ಒದ್ದೆ ಕೋಟು. ಅವರ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು, ಅದು ಹಬೆ ಹೊರಗೆ ಹೋಗದಿರಲಿ ಎಂದು ಇಟ್ಟ ಬಾಗಿಲು. ದೊಡ್ಡಕ್ಕ ಗೋಡೆಯ ಗಡಿಯಾರ ನೋಡಿದಳು.

ಸಾಹೇಬರು ಶುರುಮಾಡಿದರು. ಇದು ಆಸ್ಪತ್ರೆಯೋ ಹಳ್ಳದ ದಂಡೆಯೋ, ಎಲ್ಲರನ್ನೂ ಮನೆಗೆ ಕಳಿಸುತ್ತೇನೆ, ರೌಂಡ್ಸಿಗೆ ಹೊತ್ತಾಯಿತು, ಮೇಲೆ ಒಬ್ಬರೂ ಕೋಟು ಹಾಕಿಲ್ಲ. ನಾವು ಇಸ್ತ್ರಿ ನಿಲ್ಲಿಸಲಿಲ್ಲ. ಹಬೆ ಬುಸ್ ಎನ್ನುತ್ತಿತ್ತು. ಅವರ ದನಿ ಏರಿದಂತೆಲ್ಲ ಕತ್ತು ಮಿನುಗತೊಡಗಿತು.

‘ಒದ್ದೆ ಬಟ್ಟೆ ಹಾಕ್ಕೊಂಡು ಮನುಷ್ಯರು ಯಾರಾದ್ರೂ ಕೆಲಸ ಮಾಡೋಕಾಗುತ್ತಾ?’ ಎಂದು ಕೇಳಿದರು.

‘ನನ್ನ ಮಗಳು ಹಾಕ್ಕೊಂಡೇ ಮೂರನೇ ಕ್ಲಾಸಿಗೆ ಬಂದಿದ್ದಾಳೆ ಸರ್,’ ಎಂದೆ.

‘ಏಳು ನಿಮಿಷ ಆಯ್ತು ಸರ್,’ ಎಂದಳು ದೊಡ್ಡಕ್ಕ, ಇಸ್ತ್ರಿಯಿಂದ ಕಣ್ಣೆತ್ತದೆ. ‘ಇನ್ನು ಇಪ್ಪತ್ತಮೂರು ಇದೆ. ಮಾತಾಡ್ತಾ ಇರಿ, ಹೊತ್ತು ಹೋಗೋದು ಗೊತ್ತಾಗಲ್ಲ.’

ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಾವೂ ಗಡಿಯಾರ ನೋಡಿದರು. ಅಷ್ಟರಲ್ಲಿ ಅವರ ಹಣೆಯಿಂದ ಒಂದು ಹನಿ ಹುಬ್ಬಿಗೆ ಇಳಿದು, ಹುಬ್ಬಿನಿಂದ ಕೆನ್ನೆಗೆ ಬಂದಿತ್ತು. ಬೆನ್ನಿನ ನಡುವೆ ಅಂಗಿ ಅಂಟಿಕೊಂಡಿತ್ತು. ಏಳು ಜನ ಹೆಂಗಸರೂ ಅದನ್ನೇ ನೋಡುತ್ತಿದ್ದೆವು. ನಮಗೆ ಗೊತ್ತಿದ್ದ ಕಲೆಗಳೆಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗದಲ್ಲಿ ಮೂಡುತ್ತಿದ್ದವು.

ನಾನು ಚೀಲದಿಂದ ದೊರೆಸಾನಿಯ ಶಾಲೆಯ ಅಂಗಿ ತೆಗೆದೆ. ಕಳೆದ ವರ್ಷ ಇಡೀ ತೊಟ್ಟ ಬಿಳಿ ಅಂಗಿ, ತೋಳು ಸವೆದಿತ್ತು, ಗುಂಡಿ ಎರಡು ಸಲ ಬದಲಾಗಿತ್ತು. ಸಾಹೇಬರ ಕೈಯಿಂದ ಕೋಟನ್ನು ಮೆಲ್ಲಗೆ ತೆಗೆದುಕೊಂಡೆ, ಕೊಟ್ಟುಬಿಟ್ಟರು. ಎರಡರ ಕಾಲರನ್ನೂ ಒಳಮುಖ ತಿರುಗಿಸಿ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದೆ.

‘ನನಗೆ ನಿಮ್ಮಷ್ಟು ಓದು ಬರಲ್ಲ ಸರ್. ಕಾಲರ್ ಓದೋಕೆ ಬರುತ್ತೆ. ಇದು ನಿಮ್ಮದು, ಬೆಳಿಗ್ಗೆ ಮೂರು ಸಲ ಉಜ್ಜಿದ್ದೀನಿ. ಇದು ಅವಳದು, ವರ್ಷದಲ್ಲಿ ಒಂದ್ಸಲಾನೂ ಉಜ್ಜಿಲ್ಲ. ಕಣ್ಣಾರೆ ನೋಡ್ಬೇಕು ಅಂದ್ರಲ್ಲ, ನೋಡಿ.’

ನೋಡಿದರು. ಬಗ್ಗಿ ಅಂಗಿಯ ಕಾಲರಿನ ಮೇಲೆ ಹೆಬ್ಬೆರಳು ಆಡಿಸಿದರು. ಮಡಿಕೆಯಲ್ಲಿ, ಹೊಲಿಗೆಯ ಸಂದಿಯಲ್ಲಿ, ಎಲ್ಲೂ ಗೆರೆಯಿರಲಿಲ್ಲ. ಕಂಕುಳು ನೋಡಿದರು. ಪುಟ್ಟ ಅಂಗಿ, ಅವರ ಎರಡು ಅಂಗೈಯಲ್ಲಿ ಮುಗಿದುಹೋಗುತ್ತಿತ್ತು. ಅವರ ಮುಖದಲ್ಲಿ ನಿನ್ನೆಯ ಡಾಕ್ಟರು ಸ್ವಲ್ಪ ಹಿಂದೆ ಸರಿದ ಹಾಗಾಯಿತು. ಟೈ ಸಡಿಲ ಮಾಡಿಕೊಂಡರು.

‘ಮಗು ಎಲ್ಲಿ?’

‘ಶಾಲೆಗೆ ಕಳಿಸಿಲ್ಲ ಸರ್. ಹಿಂದಿನ ಬಾಗಿಲಾಚೆ ಮೆಟ್ಟಿಲ ಮೇಲೆ, ನೆರಳಲ್ಲಿ. ಒಳಗೆ ಬರೋ ಹಾಗಿಲ್ಲ. ಅವಳಮ್ಮ ದುಡಿಯೋ ಜಾಗ ಹೇಗಿದೆ ಅಂತ ಅವಳು ಇದುವರೆಗೂ ನೋಡಿಲ್ಲ ಸರ್.’

ಸಾಹೇಬರು ಆ ಬಾಗಿಲು ತೆಗೆದರು. ದೊರೆಸಾನಿ ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು ಕೂತಿದ್ದಳು. ತೊಟ್ಟಿಕ್ಕುತ್ತ ನಿಂತ ದೊಡ್ಡ ಮನುಷ್ಯನನ್ನು ಕಂಡು ಎದ್ದು ನಿಂತಳು. ಮೈ ಬಿಸಿಯಾದವರಿಗೆ ಏನು ಮಾಡಬೇಕೆಂದು ಆ ಆಸ್ಪತ್ರೆಯಲ್ಲಿ ಅವಳಿಗಿಂತ ಚೆನ್ನಾಗಿ ತಿಳಿದವರು ಇರಲಿಲ್ಲ. ಬಾಟಲಿ ಚಾಚಿದಳು. ‘ಕುಡೀಬೇಡಿ, ಮೊದ್ಲು ಕತ್ತಿನ ಹಿಂದೆ ಹಾಕ್ಕೊಳ್ಳಿ,’ ಎಂದಳು. ಆಮೇಲೆ ಅವರ ಕೆನ್ನೆಯಿಂದ ಇಳಿಯುತ್ತಿದ್ದುದನ್ನೇ ಕಣ್ಣರಳಿಸಿ ನೋಡಿದಳು.

‘ನಿಮಗೆ ಎಷ್ಟು ಚೆನ್ನಾಗಿ ಬರುತ್ತೆ ಸರ್,’ ಎಂದಳು.

ಸಾಹೇಬರು ಒಳಗೆ ಬಂದು ಫಾರಂ ಕೇಳಿದರು. ಹಾಸುಬಟ್ಟೆಯ ಅಡಿಯಿಂದ ತೆಗೆದುಕೊಟ್ಟೆ. ಬೆಚ್ಚಗಿತ್ತು, ಒಂದು ಸುಕ್ಕಿರಲಿಲ್ಲ. ‘ಸಹಕರಿಸಲಿಲ್ಲ’ ಎಂಬುದನ್ನು ಹೊಡೆದುಹಾಕಿದರು. ಇತರೆ ಎಂಬ ಕಡೆ ಆ ಗೇಣುದ್ದದ ಹೆಸರು ಬರೆದರು. ಅದರ ಕೆಳಗೆ, ಆರು ತಿಂಗಳಿಗೆ ಮಾತ್ರ, ಆಮೇಲೆ ಮತ್ತೆ ಪರೀಕ್ಷೆ ಎಂದು ಬರೆದರು. ನಾನು ಅಕ್ಷರ ಕೂಡಿಸಿ ಓದಿದೆ. ಸಾಕು, ಸಿಕ್ಕಷ್ಟು ಸಿಕ್ಕಿತು, ತೆಗೆದುಕೋ ಎಂದು ಒಳಗೊಂದು ಮನಸ್ಸು ಹೇಳಿತು. ಮತ್ತೆ ಆ ಕೋಣೆ, ಮತ್ತೆ ಬಾಯಿ ತೆರೆ, ಮತ್ತೆ ತಿರುಗು. ಕಾಗದವನ್ನು ಅವರ ಕಡೆಗೇ ಸರಿಸಿದೆ.

‘ಆರು ತಿಂಗಳಲ್ಲಿ ಬೆವರು ಎಲ್ಲಿಂದ ಬರುತ್ತೆ ಸರ್? ವರ್ಗ ಆಗಿ ಬರುತ್ತಾ? ಇದು ಬೇಡ. ಪೂರ್ತಿ ಬರೆಯೋದಾದ್ರೆ ಬರೀರಿ.’

‘ಹದಿನಾಲ್ಕು ನಿಮಿಷ,’ ಎಂದಳು ದೊಡ್ಡಕ್ಕ.

ಸಾಹೇಬರು ಆ ಸಾಲನ್ನೂ ಹೊಡೆದು ‘ಶಾಶ್ವತ’ ಎಂದು ಬರೆದರು. ಸಹಿ ಮಾಡಲು ಬಗ್ಗಿದಾಗ ಮೂಗಿನ ತುದಿಯಿಂದ ಒಂದು ಹನಿ ಸರಿಯಾಗಿ ಸಹಿಯ ಮೇಲೆ ಬಿತ್ತು. ಇಂಕು ಸ್ವಲ್ಪ ಹರಡಿತು. ದೊಡ್ಡಕ್ಕ ಮೂವತ್ತು ವರ್ಷದ ಅಭ್ಯಾಸದಲ್ಲಿ ಒಣಗಿಸಲು ಇಸ್ತ್ರಿ ಎತ್ತಿಬಿಟ್ಟಳು. ನಾನು ಅವಳ ಮಣಿಕಟ್ಟು ಹಿಡಿದೆ.

‘ಬೇಡಕ್ಕ, ಹಾಗೇ ಇರಲಿ.’

ಉಳಿದ ಇಬ್ಬರು ಡಾಕ್ಟರು ಸಾಹೇಬರ ಸಹಿ ಕಂಡಲ್ಲೆಲ್ಲ ಸಹಿ ಮಾಡುವವರು, ಮಾಡಿದರು. ಕೋಟುಗಳನ್ನು ಮಧ್ಯಾಹ್ನದೊಳಗೆ ಒಣಗಿಸಿ ಕಳಿಸಿದೆವು. ನನ್ನನ್ನು ಇಸ್ತ್ರಿಯಿಂದ ತೆಗೆದು ಕೊಳೆ ಬಟ್ಟೆ ಬೇರ್ಪಡಿಸುವ ಕಡೆಗೆ ಹಾಕಿದ್ದಾರೆ, ರಕ್ತ, ಕೀವು, ವಾಂತಿ ಎಲ್ಲ ಮೊದಲು ನನ್ನ ಕೈಗೇ ಬರುತ್ತದೆ. ಲಿಫ್ಟಿನ ಪಕ್ಕದ ಬೋರ್ಡು ಇನ್ನೂ ಅಲ್ಲೇ ಇದೆ. ಫ್ಯಾನು ವಾಪಸು ಬಂದಿಲ್ಲ. ಅದಕ್ಕೂ ಒಂದು ದಿನ ಬರುತ್ತದೆ ಎಂದು ದೊಡ್ಡಕ್ಕ ಕೋಟು ಮಡಿಸುತ್ತ ಹೇಳುತ್ತಾಳೆ, ಅವಳು ಹಾಗೆ ಹೇಳುವಾಗ ಕೋಟುಗಳ ಕಡೆಗೇ ನೋಡುತ್ತಿರುತ್ತಾಳೆ.

ತಿಂಗಳ ಕೊನೆಗೆ ಎರಡು ದಿನ ಮೊದಲು ಶಾಲೆಗೆ ಹೋದೆವು. ದೊರೆಸಾನಿ ಹದವಾಗಿ ಹಿಂಡಿದ ಬನಿಯನ್ನು ತೊಟ್ಟು, ಕೆಂಪು ಗೀಟಿನ ನೋಟ್ ಬುಕ್ಕನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಹೆಡ್ ಮೇಡಂ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಓದಿದರು. ಸೀಲು ನೋಡಿದರು. ಮೂರು ಸಹಿ ಎಣಿಸಿದರು. ತಪ್ಪು ಸಿಗದೆ ಹೋಗುತ್ತದೆಯೇನೋ ಎಂದು ಅವರಿಗೆ ಚಿಂತೆಯಾದಂತೆ ಕಂಡಿತು, ಕೊನೆಗೆ ಸಿಕ್ಕಿತು.

‘ಏನಿದು ಕಲೆ? ಒಂದು ಕಾಗದ ಶುದ್ಧವಾಗಿ ಇಟ್ಕೊಳ್ಳೋಕೂ ಬರಲ್ವಾ ನಿಮಗೆ?’

ನಾನು ಬಾಯಿ ತೆರೆಯುವ ಮೊದಲೇ ದೊರೆಸಾನಿ ಮೇಜಿಗೆ ಗಲ್ಲ ತಾಗಿಸಿ, ಆರು ಹಲ್ಲೂ ಕಾಣುವಂತೆ ನಕ್ಕು ಹೇಳಿದಳು.

‘ಅದು ದೊಡ್ಡ ಡಾಕ್ಟರ್ ಬೆವರು ಮೇಡಂ. ನನ್ನದಲ್ಲ. ನನಗೆ ಬರಲ್ಲ ಅಂತ ಪಕ್ಕದಲ್ಲೇ ಬರೆದಿದ್ದಾರೆ, ನೋಡಿ.’